ರೋಗಕ್ಕೆ ಮುಂಚಿನ ಮದ್ದು

ರೋಗ ಬಂದ ಮೇಲೆ ಮದ್ದು ಕೊಡಬೇಕೆಂಬುದರಲ್ಲಿ ಲೋಕದಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ನರಳುವ ಜೀವ ಕಣ್ಣೆದುರಿಗಿರುವಾಗ ವಾದಕ್ಕೆ ಅವಕಾಶವೂ ಕಡಿಮೆ, ಪುರಸೊತ್ತೂ ಕಡಿಮೆ. ಆದರೆ ಇನ್ನೂ ಬಾರದ ರೋಗವೊಂದು ಬಂದೀತೆಂಬ ಅಂದಾಜಿನ ಮೇಲೆ, ನೆಟ್ಟಗಿರುವ ದೇಹಕ್ಕೆ ಮದ್ದು ಕೊಡುವುದು ಬೇರೆಯೇ ಮಾತು. ಅಲ್ಲಿ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಈ ಮದ್ದನ್ನು ಕೊಡಬೇಕೆ ಎಂಬುದು ಒಂದು. ಕೊಟ್ಟರೆ ಫಲಿಸುತ್ತದೆಯೆ ಎಂಬುದು ಇನ್ನೊಂದು. ಮೊದಲನೆಯದು ಧರ್ಮದ ಪ್ರಶ್ನೆ, ಎರಡನೆಯದು ಲೆಕ್ಕದ ಪ್ರಶ್ನೆ. ಒಂದಕ್ಕೆ ಉತ್ತರ ಸಿಕ್ಕಿದ ಮಾತ್ರಕ್ಕೆ ಇನ್ನೊಂದಕ್ಕೂ ಸಿಕ್ಕಿತೆಂದು ಭಾವಿಸುವುದರಿಂದ ಆಗುವ ಹಾನಿ ಸಣ್ಣದಲ್ಲ. ಈ ಮಾತನ್ನು ಸ್ಪಷ್ಟಪಡಿಸಲು ಎರಡು ಇತಿಹಾಸಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ನನ್ನ ಆಸೆ. ಒಂದು, ದೂರದೇಶದ ಓಟದ ಕುದುರೆಗಳದು. ಇನ್ನೊಂದು, ನಾನು ಹುಟ್ಟಿ ಬೆಳೆದ ಸಿದ್ದಾಪುರ ಸೀಮೆಯ ಕಾಡಿನದು.

ಪಶುವೈದ್ಯ ಕನ್ನಡಿಗರಿಗೆ ಹೊಸದೇನೂ ಅಲ್ಲ. ಚಾಲುಕ್ಯ ವಂಶದ ಕೀರ್ತಿವರ್ಮನ 'ಗೋವೈದ್ಯ', ಅಭಿನವಚಂದ್ರನ 'ಅಶ್ವವೈದ್ಯ' ಇವುಗಳ ಹೆಸರನ್ನು ಸಾಹಿತ್ಯ ಚರಿತ್ರೆ ಓದಿದವರು ಬಲ್ಲರು. ದನಕ್ಕೂ ಕುದುರೆಗೂ ಬೇರೆ ಬೇರೆ ಶಾಸ್ತ್ರಗ್ರಂಥಗಳು ಈ ಭಾಷೆಯಲ್ಲಿ ಹುಟ್ಟಿದವೆಂದರೆ, ಮೂಕಪ್ರಾಣಿಯ ಬೇನೆಯನ್ನು ಅರಿಯುವುದು ವಿದ್ವತ್ತಿಗೆ ತಕ್ಕ ಕೆಲಸವೆಂದು ನಮ್ಮ ಹಿಂದಿನವರು ಬಗೆದಿದ್ದರು. ಆದರೆ ಅವರ ಕುದುರೆ ಯುದ್ಧದ ಕುದುರೆ, ರಾಜಲಾಯದ ಕುದುರೆ. ಜೂಜಿನ ಕುದುರೆಯ ಸಮಸ್ಯೆ ಬೇರೆ. ಅದು ಕೆಲವೇ ನಿಮಿಷಗಳ ಓಟದಲ್ಲಿ ತನ್ನ ದೇಹದ ಕಟ್ಟಕಡೆಯ ಶಕ್ತಿಯನ್ನೂ ಖರ್ಚುಮಾಡಬೇಕು. ಅದರ ಬೆನ್ನ ಮೇಲೆ ಸವಾರನೊಬ್ಬನೇ ಅಲ್ಲ, ಸಾವಿರಾರು ಜನರ ಹಣವೂ ಕೂತಿರುತ್ತದೆ.

ಹಾಗೆ ಓಡುವಾಗ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳ ಮೇಲೆ ಒತ್ತಡ ವಿಪರೀತವಾಗಿ ಏರಿ, ಅವು ಒಡೆದು ರಕ್ತ ಒಸರುತ್ತದೆ. ಕೆಲವು ಕುದುರೆಗಳಿಗೆ ಮೂಗಿನಿಂದಲೇ ರಕ್ತ ಹರಿಯುತ್ತದೆ. ಇದು ಇಂದಿನ ಕಾಯಿಲೆಯಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಾರ್ಟ್‌ಲೆಟ್ಸ್ ಚೈಲ್ಡರ್ಸ್ ಎಂಬ ಕುದುರೆ ಇದೇ ದೋಷದಿಂದ 'ರಕ್ತ ಸುರಿಸುವ ಚೈಲ್ಡರ್ಸ್' ಎಂಬ ಅಡ್ಡಹೆಸರು ಪಡೆದಿತ್ತು. ಅದು ಪಂದ್ಯಕ್ಕೆ ಇಳಿಯಲಿಲ್ಲ. ಆದರೆ ಅದರ ಮರಿಮಗನಾಗಿ 1764ರಲ್ಲಿ ಹುಟ್ಟಿದ ಎಕ್ಲಿಪ್ಸ್ ಒಂದು ಓಟದಲ್ಲೂ ಸೋಲದೆ ಜಗತ್ಪ್ರಸಿದ್ಧವಾಯಿತು. ಇಂದಿನ ಓಟದ ಕುದುರೆಗಳಲ್ಲಿ ಬಹುಪಾಲಿನ ವಂಶವೃಕ್ಷ ಎಕ್ಲಿಪ್ಸ್‌ಗೆ ಹೋಗಿ ಮುಟ್ಟುತ್ತದೆ. ವೇಗವನ್ನು ಕೊಟ್ಟ ಮನೆತನದಲ್ಲೇ ದೌರ್ಬಲ್ಯವೂ ಇತ್ತೆಂಬುದನ್ನು ನಾವಿಲ್ಲಿ ಗಮನಿಸಬೇಕು.

1981ರಲ್ಲಿ ಅಮೆರಿಕದ ಪಶುವೈದ್ಯರು ಓಟ ಮುಗಿಸಿ ಬಂದ ಕುದುರೆಗಳ ಶ್ವಾಸನಾಳದೊಳಕ್ಕೆ ಎಂಡೊಸ್ಕೋಪ್ ಇಳಿಸಿ ನೋಡಿ, ನೂರರಲ್ಲಿ ಸುಮಾರು 75 ಕುದುರೆಗಳಲ್ಲಿ ಅಷ್ಟೋ ಇಷ್ಟೋ ರಕ್ತದ ಗುರುತು ಇದೆಯೆಂದು ಪ್ರಕಟಿಸಿದರು. ಆ ವೇಳೆಗಾಗಲೇ ಅಲ್ಲಿನ ಲಾಯಗಳಿಗೆ ಫ್ಯೂರೋಸೆಮೈಡ್ ಎಂಬ ಔಷಧ ಪ್ರವೇಶಿಸಿತ್ತು. ಲ್ಯಾಸಿಕ್ಸ್ ಎಂಬ ವ್ಯಾಪಾರದ ಹೆಸರಿನಿಂದ ಅದು ನಮಗೂ ಪರಿಚಿತ. ಕಾಲು ಊದಿಕೊಂಡ ಹೃದ್ರೋಗಿಗಳಿಗೆ ಮೂತ್ರ ಹೋಗಲೆಂದು ವೈದ್ಯರು ಬರೆದುಕೊಡುವುದು ಅದನ್ನೇ. ಓಟಕ್ಕೆ ಸುಮಾರು ನಾಲ್ಕು ತಾಸು ಮೊದಲು ಇದನ್ನು ಚುಚ್ಚಿದರೆ ಕುದುರೆಯ ದೇಹದ ನೀರು ಹೊರಹೋಗಿ ಶ್ವಾಸಕೋಶದ ಒತ್ತಡ ತಗ್ಗುತ್ತದೆ. ಮೊದಮೊದಲು ರಕ್ತ ಕಾರಿದ ಕುದುರೆಗೆ ಕೊಡುತ್ತಿದ್ದ ಮದ್ದು ಕಾಲಕ್ರಮದಲ್ಲಿ ಕಾರದ ಕುದುರೆಗೂ ಬಂತು. ಅಮೆರಿಕದ ಪ್ರಮುಖ ಪಂದ್ಯಗಳ ರಾಜ್ಯಗಳಲ್ಲಿ ಕೊನೆಯವರೆಗೆ ಹಿಡಿದು ನಿಂತಿದ್ದ ನ್ಯೂಯಾರ್ಕ್ ಸಹ 1995ರಲ್ಲಿ ಒಪ್ಪಿಗೆ ಕೊಟ್ಟಿತು. ಇಂಗ್ಲೆಂಡ್ ಮೊದಲಾದ ಯುರೋಪಿನ ದೇಶಗಳು ಮಾತ್ರ ಓಟದ ದಿನ ಈ ಮದ್ದು ಕೂಡದೆಂದೇ ಹೇಳುತ್ತ ಬಂದವು.

ಇಲ್ಲಿಂದ ವಾದ ಬೆಳೆಯಿತು. ಮದ್ದಿನ ಪರವಾಗಿರುವವರು ಹೇಳುವುದು ದಯೆಯ ಮಾತು: ರಕ್ತ ಒಸರುವುದೆಂದು ತಿಳಿದೂ ತಡೆಯದೆ ಓಡಿಸುವುದು ಕ್ರೌರ್ಯವಲ್ಲವೆ? ವಿರೋಧಿಗಳ ಮಾತಿನಲ್ಲೂ ತೂಕವಿದೆ. ಈ ಮದ್ದಿನಿಂದ ಕುದುರೆಯ ಮೈಯಿಂದ ಹತ್ತಾರು ಕಿಲೋ ನೀರು ಇಳಿದು ಹೋಗುತ್ತದೆ; ಹಗುರಾದ ಕುದುರೆ ವೇಗವಾಗಿ ಓಡುತ್ತದೆ; ಹೀಗಿರುವಾಗ ಇದು ಚಿಕಿತ್ಸೆಯೋ ಗೆಲುವಿನ ಉಪಾಯವೋ? ಅದಕ್ಕಿಂತ ಮುಖ್ಯವಾಗಿ, ದುರ್ಬಲ ಶ್ವಾಸಕೋಶದ ಕುದುರೆ ಮದ್ದಿನ ಬಲದಿಂದ ಗೆದ್ದು, ಗೆದ್ದ ಕೀರ್ತಿಯಿಂದ ಬೀಜದ ಕುದುರೆಯಾಗಿ, ತನ್ನ ದೌರ್ಬಲ್ಯವನ್ನು ಮುಂದಿನ ಪೀಳಿಗೆಗೆ ಹಂಚುವುದಿಲ್ಲವೆ?

ಈ ಮದ್ದು ನಿಜವಾಗಿ ಫಲಿಸುತ್ತದೆಯೆ ಎಂಬ ಸಂದೇಹವೂ ಬಹುಕಾಲ ಇತ್ತು. ಅದಕ್ಕೆ ಉತ್ತರ ದೊರೆತದ್ದು ದಕ್ಷಿಣ ಆಫ್ರಿಕದಲ್ಲಿ. ಅಲ್ಲಿ 167 ಕುದುರೆಗಳನ್ನು ಎರಡೆರಡು ಸಲ ಓಡಿಸಿ, ಒಮ್ಮೆ ಮದ್ದನ್ನೂ ಇನ್ನೊಮ್ಮೆ ಬರಿಯ ಉಪ್ಪುನೀರನ್ನೂ ಚುಚ್ಚಿ ಹೋಲಿಸಿದ ಪರೀಕ್ಷೆಯ ಫಲಿತಾಂಶ 2009ರಲ್ಲಿ ಹೊರಬಂತು. ಮದ್ದು ರಕ್ತಸ್ರಾವವನ್ನು ನಿಶ್ಚಯವಾಗಿ ಕಡಿಮೆ ಮಾಡುತ್ತದೆಯೆಂದು ಸಿದ್ಧವಾಯಿತು. ವಾದ ಅಲ್ಲಿಗೆ ಮುಗಿಯಿತೆಂದು ತಾವು ಭಾವಿಸಬಹುದು. ಮುಗಿಯಲಿಲ್ಲ. 2021ರಲ್ಲಿ ಅಮೆರಿಕದ ಅತ್ಯಂತ ಪ್ರತಿಷ್ಠಿತವಾದ ಮೂರು ಪಂದ್ಯಗಳು ಈ ಮದ್ದಿಲ್ಲದೆಯೇ ನಡೆದವು. ಫಲಿಸುತ್ತದೆಯೆಂದು ತಿಳಿದ ಮೇಲೆಯೇ ಅದನ್ನು ಬಿಟ್ಟದ್ದು ವಿಚಿತ್ರವೆಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಲೆಕ್ಕದ ಪ್ರಶ್ನೆಗೆ ಉತ್ತರ ಬಂದಿದ್ದರೂ ಧರ್ಮದ ಪ್ರಶ್ನೆ ಹಾಗೆಯೇ ಉಳಿದಿತ್ತು: ಮದ್ದು ಕುದುರೆಗಾಗಿಯೋ, ಕುದುರೆಯ ಯಜಮಾನನಿಗಾಗಿಯೋ?

ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ನಮ್ಮ ಘಟ್ಟದ ಸೀಮೆಗೆ ಬರೋಣ. ನಮ್ಮಲ್ಲಿ ಓಟದ ಕುದುರೆಗಳಿಲ್ಲ. ಆದರೆ ರೋಗಕ್ಕೆ ಮುಂಚಿನ ಮದ್ದಿನ ಪ್ರಶ್ನೆ ನಮ್ಮ ಹೊಸ್ತಿಲನ್ನೂ ತುಳಿದಿದೆ. ಇಲ್ಲಿ ಅದು ಮನುಷ್ಯರ ಪ್ರಾಣದ ಪ್ರಶ್ನೆಯಾಗಿದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿಬಂದ ಜನ ವಿಪರೀತ ಜ್ವರ, ತಲೆಶೂಲೆ, ಮೈಕೈ ನೋವಿನಿಂದ ಮಲಗಿದರು, ಕೆಲವರಿಗೆ ರಕ್ತಸ್ರಾವವಾಯಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು ಹೊಸದೊಂದು ವೈರಾಣುವನ್ನು ಬೇರ್ಪಡಿಸಿದರು. ಶಾಸ್ತ್ರಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರು ಶಾಶ್ವತವಾಯಿತು. ಜನ ಮಾತ್ರ ಅದನ್ನು ಮಂಗನ ಕಾಯಿಲೆ ಎಂದೇ ಕರೆದರು. ರೋಗವನ್ನು ದಾಟಿಸುವುದು ಮಂಗವಲ್ಲ, ಉಣುಗು. ದನಗಳು ಮೈತುಂಬ ಉಣುಗನ್ನು ಹೊತ್ತು ತಿರುಗಿದರೂ ಕಾಯಿಲೆ ಬೀಳುವುದಿಲ್ಲ. ಮಂಗ ಮತ್ತು ಮುಸಿಯ ಸಾಯುತ್ತವೆ. ಮನುಷ್ಯರಲ್ಲಿ ರೋಗ ಬಂದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ತೀರಿಕೊಳ್ಳುತ್ತಾರೆ. ಈ ರೋಗವನ್ನೇ ಹೊಡೆಯುವ ಔಷಧ ಇಂದಿಗೂ ಇಲ್ಲ. ಆದ್ದರಿಂದ ಇಲ್ಲಿ ಏನು ಮಾಡುವುದಿದ್ದರೂ ರೋಗ ಬರುವ ಮೊದಲೇ ಮಾಡಬೇಕು.

ಸೊರಬದ ಗಡಿ ದಾಟಿದರೆ ಸಿದ್ದಾಪುರ, ಸಿರ್ಸಿ. ಅಲ್ಲಿಂದ ಬಡಗಲಿಗೆ ಯಲ್ಲಾಪುರ. ಈ ಮೂರು ತಾಲ್ಲೂಕುಗಳ ಬದುಕು ಒಂದೇ ನೇಯ್ಗೆಯದು. ಕಣಿವೆಯಲ್ಲಿ ಅಡಿಕೆಯ ತೋಟ. ತೋಟದ ಮೇಲೆ ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ತೋಟ ಬದುಕಬೇಕಾದರೆ ಬೆಟ್ಟದಿಂದ ಸೊಪ್ಪು ಬರಬೇಕು, ದರಕು ಬರಬೇಕು. ದರಕು ಗುಡಿಸುವುದು ಎಲೆ ಉದುರುವ ಬೇಸಗೆಯ ದಿನಗಳಲ್ಲಿ. ದರಕಿನ ಅಡಿಯಲ್ಲಿ ಮರಿ ಉಣುಗು ಹೊರಬಂದು ಕಾದು ಕೂರುವುದೂ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಅವೇ ದಿನಗಳಲ್ಲಿ. ಕಾಡಿಗೆ ಹೋಗಬೇಡಿ ಎಂದು ಹೇಳುವುದು ಸುಲಭ. ಆದರೆ ನಮ್ಮ ಸೀಮೆಯಲ್ಲಿ ಕಾಡು ಮನೆಯ ಹೊರಗಿನ ವಸ್ತುವಲ್ಲ. ಕೊಟ್ಟಿಗೆಯ ಹಾಸು, ತೋಟದ ಗೊಬ್ಬರ, ಒಲೆಯ ಕಟ್ಟಿಗೆ ಎಲ್ಲವೂ ಅಲ್ಲಿಂದಲೇ ಬರಬೇಕು.

ಹೀಗಾಗಿ ಎಲ್ಲರ ಆಸೆಯೂ ಲಸಿಕೆಯ ಮೇಲೆ ನಿಂತಿತು. ಈ ವೈರಾಣು ರಷ್ಯದ ಕಾಡುಗಳಲ್ಲಿ ಮಿದುಳಿನ ಉರಿಯೂತ ತರುವ ವೈರಾಣುವಿಗೆ ಹತ್ತಿರದ ಬಂಧುವಾದ್ದರಿಂದ, ಮೊದಲು ಆ ರೋಗದ ಲಸಿಕೆಯನ್ನೇ ತಂದು ನಮ್ಮ ಜನಕ್ಕೆ ಚುಚ್ಚಿ ನೋಡಿದರು. ಅದು ಕಾಪಾಡಲಿಲ್ಲ, ಕಾಪಾಡಲಿಲ್ಲವೆಂಬುದನ್ನು ಆ ವಿಜ್ಞಾನಿಗಳು 1962ರಲ್ಲಿ ಬರೆದು ಪ್ರಕಟಿಸಿದರು. ಆ ಪ್ರಾಮಾಣಿಕತೆ ಸ್ಮರಣೀಯವಾದುದು. ಆಮೇಲೆ ಪುಣೆಯಲ್ಲಿ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ನಮ್ಮ ವೈರಾಣುವನ್ನೇ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು, ಹೊಸ ಲಸಿಕೆಯನ್ನು ಸಿದ್ಧಪಡಿಸಿದರು. 1990ರಿಂದ 1992ರವರೆಗೆ ನಮ್ಮ ಉತ್ತರ ಕನ್ನಡವೂ ಸೇರಿದಂತೆ ಮೂರು ಜಿಲ್ಲೆಗಳಲ್ಲಿ ಅದರ ದೊಡ್ಡ ಪರೀಕ್ಷೆ ನಡೆಯಿತು. ಒಂದು ಸೂಜಿ ಪಡೆದವರಲ್ಲಿ ನೂರಕ್ಕೆ 79, ಎರಡು ಪಡೆದವರಲ್ಲಿ ನೂರಕ್ಕೆ 93ರಷ್ಟು ರಕ್ಷಣೆಯೆಂದು 1994ರ ವರದಿ ಹೇಳಿತು. ಮುಂದೆ ಈ ಲಸಿಕೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಸಂಸ್ಥೆಯಲ್ಲಿ ತಯಾರಾಯಿತು. ದನಗಳ ಲಸಿಕೆ ಮಾಡುವ ಮನೆಯಲ್ಲೇ ಮಲೆನಾಡಿನ ಮನುಷ್ಯರ ಲಸಿಕೆಯೂ.

ಲಸಿಕೆಯ ನಿಯಮ ಸುಲಭದ್ದಾಗಿರಲಿಲ್ಲ. ತಿಂಗಳ ಅಂತರದಲ್ಲಿ ಎರಡು ಸೂಜಿ, ಆರೆಂಟು ತಿಂಗಳಿಗೆ ಮತ್ತೊಂದು, ಆಮೇಲೆ ಐದು ವರ್ಷ ವರ್ಷಕ್ಕೊಂದು. ಅದು ನೋಯುವ ಸೂಜಿ. ನಮ್ಮ ಕೇರಿಗೆ ದರಕು ತರುತ್ತಿದ್ದ ಒಬ್ಬಾಕೆ ಎರಡನೆಯ ಸೂಜಿಗೆ ಹೋಗಿರಲಿಲ್ಲ. ಯಾಕೆಂದು ಕೇಳಿದಾಗ ಆಕೆ ಕೊಟ್ಟ ಉತ್ತರ ನನಗೆ ಇಂದಿಗೂ ಮರೆತಿಲ್ಲ: "ಹೆಗಡೇರೇ, ಕಾಯಿಲೆ ಬತ್ತದೋ ಇಲ್ವೋ ಯಾರಿಗೊತ್ತು? ಸೂಜಿ ಚುಚ್ಚಿದ್ರೆ ಎಲ್ಡು ದಿನ ತೋಳು ಎತ್ತೂಕೆ ಆಗೂದಿಲ್ಲ. ಆ ಎಲ್ಡು ದಿನದ ಪಗಾರ ಕೊಡೋರು ಯಾರು?" ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ನಿಶ್ಚಿತವಾದ ನಷ್ಟವನ್ನು ಒಂದು ತಕ್ಕಡಿಯಲ್ಲೂ ಅನಿಶ್ಚಿತವಾದ ಲಾಭವನ್ನು ಇನ್ನೊಂದರಲ್ಲೂ ಇಟ್ಟು ಆಕೆ ತೂಗಿದ್ದಳು. ಲಾಭ ಎಷ್ಟು ಗಟ್ಟಿಯಾದದ್ದೆಂದು ಆಕೆಗೆ ನಂಬುವಂತೆ ಹೇಳಬೇಕಾಗಿತ್ತು. ಹೇಳಬೇಕಾದರೆ, ಹೇಳುವವರಿಗೆ ಮೊದಲು ಅದು ಗೊತ್ತಿರಬೇಕಾಗಿತ್ತು.

ಗೊತ್ತಿತ್ತೆ? 2005ರಿಂದ 2010ರವರೆಗಿನ ಅನುಭವವನ್ನು ಲೆಕ್ಕಹಾಕಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಎರಡು ಸೂಜಿಯ ರಕ್ಷಣೆ ನೂರಕ್ಕೆ 62, ಮತ್ತೊಂದು ಸೂಜಿ ಸೇರಿದರೆ 83 ಎಂದು ಅದು ತೋರಿಸಿತು. ಲಸಿಕೆ ಪಡೆಯಬೇಕಾದವರಲ್ಲಿ ಬಹುಮಂದಿ ಅದನ್ನು ಪೂರ್ತಿಯಾಗಿ ಪಡೆದೇ ಇರಲಿಲ್ಲ. ಮೊದಲ ವರದಿಗೂ ಇದಕ್ಕೂ ನಡುವೆ ಸುಮಾರು ಎರಡು ದಶಕಗಳು ಕಳೆದಿದ್ದವು. ಆ ಎರಡು ದಶಕಗಳಲ್ಲಿ ಹುಟ್ಟಿ ಬೆಳೆದ ಮಕ್ಕಳ ತೋಳಿಗೆ ಸೂಜಿ ಚುಚ್ಚುವಾಗ 93 ಎಂಬ ಹಳೆಯ ಅಂಕಿಯೇ ಎಲ್ಲರ ಧೈರ್ಯವಾಗಿತ್ತು. 2019 ಮತ್ತು 2020ರಲ್ಲಿ ರೋಗ ಸಿದ್ದಾಪುರದಲ್ಲಿ ಬಿರುಸಾಗಿ ಕಾಣಿಸಿಕೊಂಡಿತು. 2022ರಲ್ಲಿ, ಸಾಮರ್ಥ್ಯ ಸಾಲದೆಂಬ ಕಾರಣಕ್ಕೆ, ಆ ಲಸಿಕೆಯ ಬಳಕೆಯೇ ನಿಂತುಹೋಯಿತು. 2024ರ ಆರಂಭದಲ್ಲಿ ಸಿದ್ದಾಪುರದಿಂದ ಮತ್ತೆ ಸಾವಿನ ಸುದ್ದಿ ಬಂತು. ಲಸಿಕೆ ನಿಂತ ಮೇಲೆ ನಮ್ಮ ಜನಕ್ಕೆ ಉಳಿದದ್ದು ಕಾಡಿಗೆ ಹೋಗುವ ಮುನ್ನ ಮೈಗೆ ಹಚ್ಚುವ ಡೆಪಾ ತೈಲ, ಮೈತುಂಬ ಬಟ್ಟೆ, ಮನೆಗೆ ಬಂದೊಡನೆ ಬಿಸಿನೀರ ಸ್ನಾನ, ಮತ್ತು ಎಲ್ಲಿ ಮಂಗ ಸತ್ತಿತೆಂಬ ಸುದ್ದಿಗೆ ತೆರೆದಿಟ್ಟ ಕಿವಿ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿ ಹೈದರಾಬಾದಿನ ಲಸಿಕೆ ಸಂಸ್ಥೆಯೊಂದಿಗೆ ಸೇರಿ ಹೊಸ ಲಸಿಕೆಯನ್ನು ರೂಪಿಸುವ ಕೆಲಸವನ್ನು ಕೈಗೊಂಡಿದೆ.

ಈಗ ಎರಡು ಇತಿಹಾಸಗಳನ್ನೂ ಹೋಲಿಸಿ ನೋಡಬಹುದು. ಕುದುರೆಯ ಲಾಯದಲ್ಲಿ ಮದ್ದು ಫಲಿಸುತ್ತದೆಯೆಂಬುದು ಖಚಿತವಾಯಿತು. ಕೊಡಬೇಕೆ ಎಂಬ ವಾದ ಮಾತ್ರ ಆರಲಿಲ್ಲ. ನಮ್ಮ ಕಾಡಿನಲ್ಲಿ ಆದದ್ದು ಇದರ ತಿರುವುಮುರುವು. ಕೊಡಬೇಕೆ ಎಂಬುದರಲ್ಲಿ ಯಾವ ವಿಚಾರವಂತನಿಗೂ ಸಂದೇಹವಿರಲಿಲ್ಲ. ಬಡವರ ಪ್ರಾಣ ಉಳಿಸುವ ಕೆಲಸ ಧರ್ಮವಲ್ಲದೆ ಇನ್ನೇನು? ಆ ಧರ್ಮದ ನಿಶ್ಚಯವೇ ಲೆಕ್ಕದ ಪ್ರಶ್ನೆಯನ್ನು ಮರೆಯಿಸಿತು. ಒಳ್ಳೆಯ ಉದ್ದೇಶದ ಮದ್ದು ಫಲಿಸುತ್ತಲೇ ಇರುತ್ತದೆಯೆಂದು ನಾವು ನಂಬಿದೆವು. ಜೂಜಿನ ಹಣ ಹೂಡಿದವರು ತಮ್ಮ ಕುದುರೆಯ ಶ್ವಾಸನಾಳವನ್ನು ಓಟ ಮುಗಿದ ಬಳಿಕ ಇಣುಕಿ ನೋಡಿದಷ್ಟು ಶ್ರದ್ಧೆಯಿಂದ, ದರಕಿನ ಹೊರೆ ಹೊತ್ತವಳ ರಕ್ತದಲ್ಲಿ ಲಸಿಕೆಯ ಫಲ ನಿಂತಿದೆಯೆ ಎಂದು ವರ್ಷವರ್ಷವೂ ನೋಡಿದವರು ಇರಲಿಲ್ಲ. ಕುದುರೆಗೆ ಬೆಲೆ ಕಟ್ಟುವವರಿದ್ದರು. ಆಕೆಯ ಎರಡು ದಿನದ ಕೂಲಿಗೂ ಬೆಲೆ ಕಟ್ಟುವವರಿರಲಿಲ್ಲ.

ರೋಗಕ್ಕೆ ಮುಂಚಿನ ಮದ್ದನ್ನು ನಾನು ವಿರೋಧಿಸುತ್ತಿಲ್ಲ. ಔಷಧವಿಲ್ಲದ ರೋಗಕ್ಕೆ ಅದೊಂದೇ ದಾರಿ. ಹೊಸ ಲಸಿಕೆ ನಮ್ಮ ಊರುಗಳಿಗೆ ಬರಲಿ, ಬಂದ ದಿನ ನಾವೆಲ್ಲ ತೋಳು ಒಡ್ಡೋಣ. ಆದರೆ ರೋಗ ಬಂದ ಮೇಲಿನ ಮದ್ದಿಗಿಲ್ಲದ ಒಂದು ಹೊಣೆ ಈ ಮದ್ದಿಗೆ ಇದೆ. ಜ್ವರ ಇಳಿದರೆ ರೋಗಿಗೆ ತಾನಾಗಿಯೇ ತಿಳಿಯುತ್ತದೆ. ಬಾರದ ಜ್ವರ ಮದ್ದಿನಿಂದ ಬರಲಿಲ್ಲವೋ ಅದೃಷ್ಟದಿಂದ ಬರಲಿಲ್ಲವೋ ಎಂಬುದು ತೋಳು ಒಡ್ಡಿದವನಿಗೆ ಎಂದಿಗೂ ತಿಳಿಯದು. ಅದನ್ನು ಅವನ ಪರವಾಗಿ ಎಣಿಸಿ, ಒಳಿತೋ ಕೆಡುಕೋ ಇದ್ದುದನ್ನು ಇದ್ದ ಹಾಗೆ ಹೇಳಬೇಕಾದವರು ಮದ್ದು ಕೊಟ್ಟವರು. 1962ರಲ್ಲಿ, ಈ ಲಸಿಕೆ ಕಾಪಾಡಲಿಲ್ಲ ಎಂದು ಬರೆದ ಲೇಖನಿಯಲ್ಲಿ ಆ ಧರ್ಮವೂ ಇತ್ತು, ಲೆಕ್ಕವೂ ಇತ್ತು. ನಮ್ಮ ಮಲೆನಾಡು ಮುಂದಿನ ಲಸಿಕೆಯೊಂದಿಗೆ ಎದುರುನೋಡಬೇಕಾದದ್ದು ಅಂಥ ಲೇಖನಿಯನ್ನು.