ಸೌಪರ್ಣಿಕೆ: ಮೇಲಿನ ಊರು, ಕೆಳಗಿನ ಊರು



ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಂಘದ ಸಾಲ, ಠೇವಣಿ, ಗೊಬ್ಬರದ ಲೆಕ್ಕ ಬರೆಯುವವರು ಬೇರೆ ಇದ್ದಾರೆ. ನಾವು ಹೊಳೆಯ ಚರಿತ್ರೆ ಬರೆಯಲು ಹೊರಟಿದ್ದೇವೆ. ಯಾಕೆಂದರೆ ಬೆಳೆಸಾಲ ತೆಗೆದುಕೊಂಡ ನಮ್ಮಲ್ಲಿ ಹೆಚ್ಚಿನವರ ಗದ್ದೆ, ತೋಟ, ಬಾವಿ ಎಲ್ಲ ಸೌಪರ್ಣಿಕೆಯನ್ನೇ ನಂಬಿಕೊಂಡಿವೆ.

ಕೊಡಚಾದ್ರಿಯ ಕಡೆಯಿಂದ ಹರಿದು ಬರುವ ಸೌಪರ್ಣಿಕೆ ಕೊಲ್ಲೂರಿನಲ್ಲಿ ಅಗ್ನಿತೀರ್ಥವನ್ನು ಕೂಡಿಕೊಂಡು ಪಶ್ಚಿಮಕ್ಕೆ ಇಳಿಯುತ್ತದೆ. ಮರವಂತೆಯಲ್ಲಿ ಕಡಲಿನ ಮಗ್ಗುಲಿಗೆ ಬಂದೂ ಸೇರದೆ, ತಿರುಗಿ ಹೋಗಿ ಗಂಗೊಳ್ಳಿಯ ಅಳಿವೆಯಲ್ಲಿ ಬೇರೆ ಹೊಳೆಗಳ ಜೊತೆ ಕಡಲು ಸೇರುತ್ತದೆ.

ನಮ್ಮ ಹಿರಿಯರ ಕಾಲದಲ್ಲಿ ಬಚ್ಚಲು ನೀರು ತೆಂಗು, ಬಾಳೆಯ ಬುಡಕ್ಕೆ, ಹಟ್ಟಿಯ ಸೆಗಣಿ ಗೊಬ್ಬರದ ಗುಂಡಿಗೆ. ಹೊಳೆಗೆ ಬಿಡಲು ಉಳಿಯುತ್ತಿದ್ದುದೇ ಕಡಿಮೆ. "ಹೊಳಿ ನೀರ್ ಹಾಳ್ ಮಾಡ್ಬೇಡಿ, ಕೆಳಗಿನವ್ರಿಗೂ ಬೇಕಲ್ದಾ?" ಎಂದು ಮಕ್ಕಳನ್ನು ಗದರುತ್ತಿದ್ದರು.

ಮುಂದೆ ಕೊಲ್ಲೂರು ಬೆಳೆಯಿತು. ದೇವಿಯ ದರ್ಶನಕ್ಕೆ ಕೇರಳ, ತಮಿಳುನಾಡಿನಿಂದಲೂ ಭಕ್ತರು ಹೆಚ್ಚಿದರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ಬೈಂದೂರಿನ ನಿಲ್ದಾಣಕ್ಕೆ ಮೂಕಾಂಬಿಕಾ ರೋಡ್ ಎಂದೇ ಹೆಸರಾಯಿತು. ವಸತಿಗೃಹ, ಹೋಟೆಲುಗಳು ಎದ್ದವು. ಊರಿಗೆ ವ್ಯಾಪಾರ ಬಂತು, ಒಳ್ಳೆಯದೇ. ಆದರೆ ಬಂದವರ ಸ್ನಾನ, ಶೌಚ, ಅಡುಗೆಯ ನೀರು ಹೋಗಬೇಕಾದ ದಾರಿಯನ್ನು ಯಾರೂ ಮೊದಲೇ ಯೋಚಿಸಲಿಲ್ಲ.

ಈ ತಪ್ಪು ದೊಡ್ಡ ಪಟ್ಟಣಗಳೂ ಮಾಡಿದ್ದೇ. 1858ರ ಬೇಸಿಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿ ನಾರಿ, ಪಾರ್ಲಿಮೆಂಟಿನವರು ಕೂರಲಾರದೆ ಹೋದರು. ಆಮೇಲೆ ಬಜಾಲ್ಜೆಟ್ ಎಂಬ ಇಂಜಿನಿಯರು ದೊಡ್ಡ ಒಳಚರಂಡಿ ಕಟ್ಟಿಸಿದ. ಲಂಡನ್ನಿನವರಿಗೆ ಸುಖವಾಯಿತು, ಕೊಳಚೆ ಮಾತ್ರ ನದಿಯ ಕೆಳಭಾಗಕ್ಕೆ ಹೋಗಿ ಬಿತ್ತು. ಕೊಳಚೆಗೆ ಗಾಳಿ ಊದಿ, ಸೂಕ್ಷ್ಮಜೀವಿಗಳಿಂದಲೇ ಹೊಲಸನ್ನು ತಿನ್ನಿಸುವ ಕ್ರಮ ಮ್ಯಾಂಚೆಸ್ಟರಿನಲ್ಲಿ ಪ್ರಕಟವಾದದ್ದು 1914ರಲ್ಲಿ. ಚರಂಡಿ ಬೇರೆ, ಶುದ್ಧೀಕರಣ ಬೇರೆ ಎಂಬುದು ನಾವು ಇದರಿಂದ ಕಲಿಯಬೇಕಾದ ಪಾಠ.

ನಮ್ಮ ದೇಶದಲ್ಲಿ ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿದ್ದೂ ಅದೇ ವರ್ಷ. ಕೊಲ್ಲೂರಿಗೆ ಒಳಚರಂಡಿ ಮತ್ತು ಶುದ್ಧೀಕರಣ ಘಟಕ ಬರಲು 2010ರ ದಶಕ ಬೇಕಾಯಿತು. ಅಷ್ಟಾದರೂ ದೂರು ನಿಲ್ಲಲಿಲ್ಲ. 2020ರ ದಶಕದಲ್ಲಿ ವಿಷಯ ಚೆನ್ನೈಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು.

ಘಟಕ ಕಟ್ಟಿದೊಡನೆ ಹೊಳೆ ಶುದ್ಧವಾಗುವುದಿಲ್ಲ. ಪ್ರತಿಯೊಂದು ಕಟ್ಟಡದ ಪೈಪು ಅದಕ್ಕೆ ಸೇರಬೇಕು. ಗಾಳಿ ಊದುವ ಯಂತ್ರ ಹಗಲೂ ರಾತ್ರಿ ಓಡಬೇಕು. ಕರೆಂಟು ಹೋಗಿ ಯಂತ್ರ ನಿಂತರೆ ಹೊಲಸು ತಿನ್ನುವ ಜೀವಿಗಳು ಸಾಯುತ್ತವೆ. ತಳದಲ್ಲಿ ಕೂತ ಕೆಸರನ್ನು ಆಗಾಗ ತೆಗೆಯಬೇಕು. ಮಳೆನೀರು ಚರಂಡಿಗೆ ನುಗ್ಗಬಾರದು. ಹಟ್ಟಿಯ ಗಂಟಿ ಸಾಕಿದ ಹಾಗೇ ಇದು, ಒಂದು ದಿನವೂ ರಜೆ ಇಲ್ಲ.

ಕೆಳಗಿನ ನಮಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ಮಳೆಗಾಲದಲ್ಲಿ ಹೊಳೆ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಆದರೆ ಮಳೆ ನಿಂತ ಮೇಲೆ ಉಪ್ಪುನೀರು ತಡೆಯಲು, ಸುಗ್ಗಿ ಬೆಳೆಗೆ ನೀರು ನಿಲ್ಲಿಸಲು ನಾವು ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುತ್ತೇವೆ. ಆಗ ನೀರಿನ ಜೊತೆ ಮೇಲಿನಿಂದ ಬಂದದ್ದೂ ನಿಲ್ಲುತ್ತದೆ. ಅದೇ ನೀರು ಇಂಗಿ ಹೊಳೆಬದಿಯ ಬಾವಿಗೆ ಬರುತ್ತದೆ. ಸ್ನಾನಕ್ಕೆ ಯೋಗ್ಯ ಎನ್ನಬೇಕಾದರೆ ಒಂದು ಲೀಟರ್ ಹೊಳೆನೀರಿನಲ್ಲಿ ಕರಗಿದ ಆಮ್ಲಜನಕ 5 ಮಿಲಿಗ್ರಾಂಗಿಂತ ಕಡಿಮೆ ಇರಬಾರದು ಎಂಬುದು ಸರಕಾರದ ಮಾನದಂಡ. ಕೊಳಚೆ ಸೇರಿದರೆ ಮೊದಲು ಕಡಿಮೆಯಾಗುವುದು ಇದೇ, ಮೊದಲು ಸಾಯುವುದು ಮೀನು.

ಮೇಲಿನ ಊರನ್ನು ಮಾತ್ರ ದೂರಿದರೆ ಸಾಲದು. ನಮ್ಮ ಕಕ್ಕಸು ಗುಂಡಿಗಳೂ ಬಾವಿಯ ಹತ್ತಿರವೇ ಇವೆ. ಮುರಕಲ್ಲಿನ ನೆಲದಲ್ಲಿ ನೀರು ಬೇಗ ಜಾರುತ್ತದೆ. ನಮ್ಮ ಕೆಳಗೂ ಗಂಗೊಳ್ಳಿಯವರಿದ್ದಾರೆ.

ಸಂಘದಲ್ಲಿ ಒಬ್ಬ ಸಾಲ ಕಟ್ಟದಿದ್ದರೆ ಹೊರೆ ಎಲ್ಲರ ಮೇಲೆ ಬೀಳುತ್ತದೆಂದು ನಮಗೆ ಗೊತ್ತು. ಹೊಳೆಯೂ ಹಾಗೆಯೇ. ಆದ್ದರಿಂದ ಹಲಗೆ ಹಾಕುವ ಮೊದಲು ಮತ್ತು ಬೇಸಿಗೆಯಲ್ಲಿ, ವರ್ಷಕ್ಕೆ ಎರಡು ಸಲ ಹೊಳೆ ಮತ್ತು ಬಾವಿಯ ನೀರು ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಸಂಘದ ಬೋರ್ಡಿನಲ್ಲಿ ಹಾಕಬೇಕೆಂದು ನಮ್ಮ ಸೂಚನೆ. ಮಹಾಸಭೆಯಲ್ಲಿ ಸದಸ್ಯರು ಇದನ್ನು ಅನುಮೋದಿಸಬೇಕಾಗಿ ವಿನಂತಿ.