ಸೌತ್‌ಡೇಲ್ ಸೆಂಟರ್

ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರಕ್ಕೆ ಅಂಟಿಕೊಂಡ ಈಡೈನಾ ಎಂಬ ಹೊರವಲಯದ ಊರಿನಲ್ಲಿರುವ ಮಾಲ್. ಪೂರ್ತಿ ಚಾವಣಿ ಹೊದ್ದು, ಒಳಗಿನ ಹವೆಯನ್ನು ವರ್ಷವಿಡೀ ಹದದಲ್ಲಿಟ್ಟ ಮಾಲ್‌ಗಳಲ್ಲಿ ಆ ದೇಶಕ್ಕೆ ಇದೇ ಮೊದಲನೆಯದು. ಮುಂದೆ ಟಾರ್ಗೆಟ್ ಮಳಿಗೆಗಳನ್ನು ಹುಟ್ಟುಹಾಕಿದ ಡೇಟನ್ ಕಂಪನಿ ಸುಮಾರು 2 ಕೋಟಿ ಡಾಲರ್ ಖರ್ಚಿನಲ್ಲಿ ಇದನ್ನು ಕಟ್ಟಿಸಿತು. 1956ರ ಅಕ್ಟೋಬರ್ 8ರಂದು 72 ಅಂಗಡಿಗಳೊಡನೆ ಬಾಗಿಲು ತೆರೆಯಿತು. ಡೇಟನ್‌ನ ಪ್ರತಿಸ್ಪರ್ಧಿ ಡೊನಾಲ್ಡ್‌ಸನ್ ಮಳಿಗೆಗೂ ಅದೇ ಸೂರಿನಡಿ ಜಾಗ ಸಿಕ್ಕಿದ್ದು ಆಗಿನ ಕಾಲಕ್ಕೆ ಅಪರೂಪ.

ವಿನ್ಯಾಸಕಾರ ವಿಕ್ಟರ್ ಗ್ರುಯೆನ್ 1938ರಲ್ಲಿ ನಾಜಿಗಳಿಂದ ಪಾರಾಗಿ ವಿಯೆನ್ನಾದಿಂದ ಬಂದವನು. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದ್ದರೂ ನಡುವಣ ಅಂಗಳದಲ್ಲಿ ಆಗ ಸದಾ ವಸಂತ: ಗಿಡಮರ, ಕಾರಂಜಿ, ಹಕ್ಕಿಗಳು ಹಾರಾಡುವ ಎತ್ತರದ ಪಂಜರ, ಶಿಲ್ಪಿ ಹ್ಯಾರಿ ಬರ್ಟೋಯಾ ರೂಪಿಸಿದ ಲೋಹದ ಮರಗಳು. ಸುತ್ತ ಮನೆ, ಶಾಲೆ, ಆಸ್ಪತ್ರೆ, ಕೆರೆಗಳಿರುವ ಪುಟ್ಟ ಪಟ್ಟಣವೇ ಎದ್ದೇಳಬೇಕೆಂಬುದು ಗ್ರುಯೆನ್‌ನ ಕನಸು. ಎದ್ದದ್ದು ಹೆಚ್ಚಾಗಿ ಕಾರು ನಿಲ್ಲಿಸುವ ಬಯಲು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಮಾಲ್ ತೆರೆದ ವರ್ಷವೇ ಬಂದು ನೋಡಿ ಅಂಗಳವನ್ನು ಹೀಗಳೆದ. ಕೊನೆಗಾಲದಲ್ಲಿ ಸ್ವತಃ ಗ್ರುಯೆನ್ನೇ ಅಮೆರಿಕದ ಮಾಲ್‌ಗಳಿಗೂ ತನಗೂ ಸಂಬಂಧವಿಲ್ಲವೆಂದು ಕೈತೊಳೆದುಕೊಂಡ.

1972ರಲ್ಲಿ ಜೆಸಿಪೆನ್ನಿ ಎಂಬ ದೊಡ್ಡ ಮಳಿಗೆ ಸೇರಿಕೊಂಡಿತು. 1990ರಲ್ಲಿ ಡೇಟನ್ ತನಗೆಂದೇ ಹೊಸ, ದೊಡ್ಡ ಕಟ್ಟಡ ಕಟ್ಟಿಕೊಂಡಿತು. ಎರಡೇ ವರ್ಷದಲ್ಲಿ ಪಕ್ಕದ ಬ್ಲೂಮಿಂಗ್ಟನ್‌ನಲ್ಲಿ ದೈತ್ಯ ಮಾಲ್ ಆಫ್ ಅಮೆರಿಕ ತೆರೆಯಿತು. ಜೆಸಿಪೆನ್ನಿ 2017ರಲ್ಲಿ ಮುಚ್ಚಿತು. ಅದರ ಜಾಗದಲ್ಲಿ 2019ರಿಂದ ವ್ಯಾಯಾಮ ಕೇಂದ್ರ. ಪಾರ್ಕಿಂಗ್ ಬಯಲಿನ ಒಂದು ಮೂಲೆಯಲ್ಲಿ ಈಗ ಅಪಾರ್ಟ್‌ಮೆಂಟ್‌ಗಳಿವೆ.