ಕೈಯಲ್ಲಿ ಚೆಲ್ಲಿದ ಬೀಜ, ಕೂರಿಗೆಯಲ್ಲಿ ಬಿತ್ತಿದ ಬೀಜ (ಭಾಗ 6)

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ವಿಕಿರಣದ ಬೀಜ ಇಡ್ತಾರಂತೆ, ಅದು ಹೊಸ ಪ್ರಯೋಗವಾ ಅಂತ ಊರಿನಿಂದ ಕೆಲವರು ಕೇಳಿದ್ದೀರಿ. ಹೊಸದಲ್ಲ. ನೂರು ವರ್ಷ ದಾಟಿದ ಈ ಕಥೆಯ ದೊಡ್ಡ ಪಾಲು ನಡೆದದ್ದು ನಾನಿರುವ ಫ್ಲಶಿಂಗ್‌ನಿಂದ 7ನೇ ನಂಬರ್ ರೈಲು ಹತ್ತಿದರೆ ಸಿಗುವ ಮ್ಯಾನ್‌ಹ್ಯಾಟನ್‌ನಲ್ಲೇ.

1915ರಲ್ಲಿ ಅಲ್ಲಿನ ಮೆಮೋರಿಯಲ್ ಆಸ್ಪತ್ರೆಯ ಡಾ. ಬೆಂಜಮಿನ್ ಬ್ಯಾರಿಂಜರ್ ರೇಡಿಯಂ ತುಂಬಿದ ಸೂಜಿಗಳನ್ನು ಪ್ರಾಸ್ಟೇಟ್ ಗ್ರಂಥಿಗೆ ಚುಚ್ಚತೊಡಗಿದರು. ಸೂಜಿ ಎಲ್ಲಿ ಹೋಗ್ತಿದೆ ಅಂತ ತಿಳಿಯಲು ಗುದದ್ವಾರದೊಳಗೆ ಇಟ್ಟ ಬೆರಳೊಂದೇ ಆಧಾರ. ರೇಡಿಯಂ ಕಿರಣವೋ ಬಹಳ ದೂರ ಹೋಗುವಂಥದ್ದು. ಪಕ್ಕದ ಅಂಗಗಳನ್ನೂ ಸುಡುತ್ತಿತ್ತು.

1970ರ ಹೊತ್ತಿಗೆ ಅದೇ ಆಸ್ಪತ್ರೆಯಲ್ಲಿ ಡಾ. ವಿಲೆಟ್ ವಿಟ್‌ಮೋರ್ ಮತ್ತು ಡಾ. ಬೇಸಿಲ್ ಹಿಲಾರಿಸ್ ಅಯೋಡಿನ್-125 ಬೀಜಗಳನ್ನು ಕೈಗೆತ್ತಿಕೊಂಡರು. ಸುಮಾರು ನಾಲ್ಕೂವರೆ ಮಿಲಿಮೀಟರ್ ಉದ್ದ, ಅಕ್ಕಿಕಾಳಿಗಿಂತ ತೆಳು. ಕಿರಣ ದೂರ ಹೋಗಲ್ಲ. ಸುಮಾರು 60 ದಿನಕ್ಕೊಮ್ಮೆ ಶಕ್ತಿ ಅರ್ಧಕ್ಕಿಳಿಯುತ್ತದೆ. ಹೊಟ್ಟೆ ಕೊಯ್ದು, ಬೀಜಗಳನ್ನು ಕೈ ಅಂದಾಜಿನಲ್ಲಿ ಇಡುತ್ತಿದ್ದರು. ಮೊದಲ ವರ್ಷಗಳಲ್ಲಿ ಫಲಿತಾಂಶ ಚೆನ್ನಾಗಿಯೇ ಕಂಡಿತು. ಆಮೇಲೆ ಒಬ್ಬೊಬ್ಬರಿಗೇ ಕ್ಯಾನ್ಸರ್ ಮರಳಿತು. ಚೆಲ್ಲಿ ಬಿತ್ತಿದ ಹೊಲದ ಹಾಗೆ, ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಖಾಲಿ. ಖಾಲಿ ಬಿಟ್ಟಲ್ಲಿ ಕ್ಯಾನ್ಸರ್ ಉಳಿದುಕೊಳ್ಳುತ್ತಿತ್ತು.

ನನಗೆ ದೊಡ್ಡದಾಗಿ ಕಾಣುವುದು ಮುಂದಿನ ಮಾತು. ಆ ಸೋಲನ್ನು ಅವರು ಮುಚ್ಚಿಡಲಿಲ್ಲ. ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಲೆಕ್ಕ 1997ರಲ್ಲಿ ಪ್ರಕಟವಾದಾಗ ಅದರಲ್ಲಿ ವಿಟ್‌ಮೋರ್ ಹೆಸರೂ ಇತ್ತು. ಅಷ್ಟರಲ್ಲಿ ಅವರೇ ಇರಲಿಲ್ಲ. 1995ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದಲೇ ತೀರಿಕೊಂಡಿದ್ದರು.

ತಪ್ಪು ಬೀಜದ್ದಲ್ಲ, ಕಣ್ಣಿಗೆ ಕಾಣದೆ ಬಿತ್ತಿದ್ದು. 1983ರಲ್ಲಿ ಡೆನ್ಮಾರ್ಕ್‌ನ ಡಾ. ಹಾನ್ಸ್ ಹೆನ್ರಿಕ್ ಹೋಮ್ ಗುದದ್ವಾರದಿಂದ ಅಲ್ಟ್ರಾಸೌಂಡ್ ಹಾಕಿ, ಗ್ರಂಥಿಯನ್ನು ನೋಡುತ್ತಲೇ ಸೂಜಿಯಿಂದ ಬೀಜ ಇಡುವ ವಿಧಾನ ಪ್ರಕಟಿಸಿದರು. 1985ರಿಂದ ಸಿಯಾಟಲ್‌ನ ವೈದ್ಯರು ಅದನ್ನು ಅಮೆರಿಕದಲ್ಲಿ ಬೆಳೆಸಿದರು. ಸಾಲು ಸಾಲು ತೂತಿನ ಹಲಗೆಯ ಮೂಲಕ ಸೂಜಿ ಹೋಗುತ್ತದೆ, ನಮ್ಮ ಕೂರಿಗೆಯ ಹಾಗೆಯೇ. ಹೊಟ್ಟೆ ಕೊಯ್ಯುವುದು ತಪ್ಪಿತು. ನಮ್ಮ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರವೂ ಕಣ್ಣಿನ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಅಯೋಡಿನ್-125 ಬೀಜ ತಯಾರಿಸಿದೆ.

ಮನೆಯ ಹಿರಿಯರಿಗೆ ಡಾಕ್ಟರ್ ಈ ದಾರಿ ಹೇಳಿದರೆ ನೆನಪಿಡಿ: ಬೀಜವೊಂದೇ ಸಾಕಾಗುವುದು ಸಾಮಾನ್ಯವಾಗಿ ಕ್ಯಾನ್ಸರ್ ಗ್ರಂಥಿಯೊಳಗೇ ಇರುವ ಆರಂಭದ ಹಂತದಲ್ಲಿ. ಮೊದಲೇ ಮೂತ್ರ ಕಟ್ಟುವ ತೊಂದರೆ ಇದ್ದರೆ ಮುಚ್ಚಿಡದೆ ಹೇಳಿ, ಇದರಿಂದ ಅದು ಹೆಚ್ಚಬಹುದು. ಬೀಜ ಒಳಗೇ ಉಳಿಯುತ್ತದೆ. ಮೊದಲ ಒಂದೆರಡು ತಿಂಗಳು ಮೊಮ್ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಳ್ಳಬಾರದು, ಬಸುರಿಯರು ಬಹಳ ಹೊತ್ತು ಒತ್ತಿ ಕೂರಬಾರದು. ಇನ್ನೊಂದು, ಹೇಳಲು ಕಷ್ಟದ ಮಾತು: ಬೀಜ ಇಟ್ಟ ವರ್ಷದೊಳಗೆ ಬೇರೆ ಯಾವ ಕಾರಣಕ್ಕೆ ತೀರಿಕೊಂಡರೂ ದಹನಕ್ಕೆ ಮುಂಚೆ ಆ ಆಸ್ಪತ್ರೆಗೆ ತಿಳಿಸಬೇಕು.

ಡಾಕ್ಟರನ್ನು ಇದೊಂದು ಕೇಳಲು ಸಂಕೋಚ ಬೇಡ: "ನೀವು ಇದನ್ನು ಎಷ್ಟು ಜನಕ್ಕೆ ಮಾಡಿದ್ದೀರಿ, ಹತ್ತು ವರ್ಷದ ನಂತರ ಅವರು ಹೇಗಿದ್ದಾರೆ?"